ಉಪ್ಪಿನ ಗೋದಾಮಿನಲ್ಲಿ ಹುಟ್ಟುಹಬ್ಬ

ನಮ್ಮ ಊರಿನಲ್ಲಿ ಮಗುವಿನ ಹುಟ್ಟುಹಬ್ಬದ ದಿನ ಹೆತ್ತವರಿಗೆ ಆ ಮಗುವಿನ ಗುರುತು ಸಿಗುವುದಿಲ್ಲ. ಸೂರ್ಯ ಹುಟ್ಟಿದ ಹೊತ್ತಿನಿಂದ ಮುಳುಗುವ ಹೊತ್ತಿನವರೆಗೆ ಅಪ್ಪ ಅಮ್ಮ ಇಬ್ಬರಿಗೂ ಆ ಮುಖ ಯಾರದೋ ಮಗುವಿನ ಮುಖ, ಆ ದನಿ ಯಾರದೋ ಮಗುವಿನ ದನಿ. ಮಗಳಿದ್ದಾಳೆ ಎನ್ನುವುದು ನೆನಪಿರುತ್ತದೆ, ಅವಳಿಗೆ ಬದನೆಕಾಯಿ ಸೇರುವುದಿಲ್ಲ ಎನ್ನುವುದೂ ನೆನಪಿರುತ್ತದೆ. ಎದುರಿಗೆ ನಿಂತಿರುವುದು ಅವಳೇ ಎನ್ನುವುದು ಮಾತ್ರ ಹೊಳೆಯುವುದಿಲ್ಲ. ಅಜ್ಜಿಗೆ, ಅತ್ತೆಗೆ, ಪಕ್ಕದ ಮನೆಯವರಿಗೆ, ಶಾಲೆಯ ಟೀಚರಿಗೆ ಏನೂ ಆಗುವುದಿಲ್ಲ. ಹೆತ್ತ ಇಬ್ಬರಿಗೆ ಮಾತ್ರ ಹೀಗೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಹಿಂದಿನ ಸಂಜೆಯೇ ಮಗುವಿನ ಮಣಿಕಟ್ಟಿಗೆ ಹಳದಿ ದಾರ ಕಟ್ಟುತ್ತಾರೆ. ಅವತ್ತು ಶಾಲೆಗೆ ರಜೆ, ಅರ್ಜಿ ಬೇಕಿಲ್ಲ. ಬಸ್ಸಿನಲ್ಲಿ ಯಾರಾದರೂ ಮಗುವಿನ ಕೈಯನ್ನು ಬೆವರುವಷ್ಟು ಬಿಗಿಯಾಗಿ ಹಿಡಿದು ನಿಂತಿದ್ದರೆ ಕಂಡಕ್ಟರ್ "ಇವತ್ತಾ?" ಎಂದು ಕೇಳಿ ಸೀಟು ಬಿಡಿಸಿಕೊಡುತ್ತಾನೆ. ಪ್ರತಿ ಮನೆಗೂ ಗುರುತು ಹೇಳುವವರು ಒಬ್ಬರಿರುತ್ತಾರೆ, ಹೆಚ್ಚಾಗಿ ಸೋದರತ್ತೆ. ಸಿಹಿ ತಿನ್ನಿಸುವ ಹೊತ್ತಿಗೆ ಆಕೆ ಮಗುವಿನ ಹಿಂದೆ ನಿಂತು ತಲೆಯ ಮೇಲೆ ಕೈ ಇಡುತ್ತಾಳೆ. ಅಪ್ಪ ಅಮ್ಮ ಆ ಕೈಯನ್ನು ನೋಡಿಕೊಂಡು ಮೊದಲ ತುತ್ತು ಇಡುತ್ತಾರೆ. ಮಗು ತಾನಾಗಿ "ನಾನು, ನಾನು" ಎನ್ನಬಾರದು, ಹೆತ್ತವರಿಗೆ ಅವಮಾನ. ಅದಕ್ಕೇ ಹುಟ್ಟುಹಬ್ಬಗಳೆಲ್ಲ ಮನೆಯಲ್ಲೇ ನಡೆಯುತ್ತವೆ. ಮನೆಯೊಳಗೆ ಓಡಾಡುತ್ತಿರುವ ಒಂದೇ ಮಗು ನಮ್ಮದೇ ಆಗಿರಬೇಕಲ್ಲ.

ನನಗೆ ನನ್ನ ಮಗಳ ಗುರುತು ಸಿಗುತ್ತದೆ.

ಶಾಲ್ಮಲಿಗೆ ಒಂದು ವರ್ಷ ತುಂಬಿದ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಎದ್ದು ಕೂತು ಕಾದಿದ್ದೆ. ಎಲ್ಲರೂ ಹೇಳಿದ್ದರು, ಹೆದರಬೇಡ, ದೀಪ ಆರಿದ ಹಾಗೆ ಆಗುತ್ತೆ ಅಷ್ಟೆ ಎಂದು. ಕಿಟಕಿಯಿಂದ ಬಿಸಿಲು ಬಂತು, ತೊಟ್ಟಿಲ ಮೇಲೆ ಬಿತ್ತು. ನನ್ನ ಹೆಂಡತಿ ಕುಮುದಾ ತೊಟ್ಟಿಲಿನೊಳಗೆ ಬಗ್ಗಿ ನೋಡಿ, ಬೇರೆಯವರ ಚೀಲವನ್ನು ತಪ್ಪಿ ತೆರೆದವಳಂತೆ ಹಿಂದೆ ಸರಿದಳು. "ರೀ, ಇದೇನಾ?" ಎಂದು ಕೇಳಿದಳು. ತೊಟ್ಟಿಲಲ್ಲಿ ನನ್ನ ಮಗಳು ನನ್ನನ್ನೇ ನೋಡಿ ನಗುತ್ತಿದ್ದಳು. ಎಡಗೆನ್ನೆಯ ಕುಳಿ, ನಿದ್ದೆಯಲ್ಲಿ ಒತ್ತಿಕೊಂಡ ಕಿವಿ, ಎಲ್ಲ ನಿನ್ನೆಯದೇ. ದೀಪ ಆರಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ, "ಇದೇ ಇರಬೇಕು" ಎಂದೆ.

ಇದರ ಅರ್ಥ ಏನೆಂದು ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಾಣಿಗರ ಬೀದಿಯಲ್ಲಿ ಹಿಂದೊಮ್ಮೆ ಒಬ್ಬಾತ ಮಗನ ಹುಟ್ಟುಹಬ್ಬದ ದಿನ ಸಂತೆಯ ನಡುವೆ ಅವನ ಹೆಸರು ಹಿಡಿದು ಕೂಗಿಬಿಟ್ಟನಂತೆ. ಯಾರೂ ಜಗಳ ಮಾಡಲಿಲ್ಲ, ಯಾರೂ ಒಂದು ಮಾತು ಆಡಲಿಲ್ಲ. ಆ ಹುಡುಗನಿಗೆ ಈಗ ನಲವತ್ತು ದಾಟಿದೆ, ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ನಿಜವಾದ ಹೆಸರು ಏನೆಂದು ನನಗೂ ಗೊತ್ತಿಲ್ಲ. ಗುರುತಿನವನ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು.

ನಾನು ಕುಮುದಾಳನ್ನು ಏನೂ ಕೇಳಲಿಲ್ಲ. ಅನುಮಾನವಿತ್ತೇ ಎಂದರೆ, ಅದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಕೆಲವರಿಗೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲವಂತೆ, ಹಾಗೆ ನನ್ನ ಕಣ್ಣಿನಲ್ಲೇ ಏನೋ ಐಬು ಇರಬಹುದು ಎಂದುಕೊಂಡೆ. ಒಂದು ವರ್ಷ ಹಾಗೆ ನಂಬಿದೆ. ಮರುವರ್ಷ ನಂಬಲಿಲ್ಲ. ಅದರ ಮರುವರ್ಷ ಎರಡನ್ನೂ ನಂಬಿದೆ. ಕೇಳದೆ ಉಳಿದ ಮಾತು ಮೊದಲ ದಿನ ಎಷ್ಟು ಚಿಕ್ಕದಾಗಿರುತ್ತದೆಂದರೆ, ಊಟದ ನಡುವೆ ಕೇಳಿ ಮುಗಿಸಬಹುದು. ಆಮೇಲೆ ಅದರ ಸುತ್ತ ಮಂಚ ಕುರ್ಚಿ ಬೀರುಗಳನ್ನು ಇಟ್ಟುಕೊಂಡು ಬದುಕುವುದು ಅಭ್ಯಾಸವಾಗುತ್ತದೆ. ಕುಮುದಾಳೂ ಏನೂ ಹೇಳಲಿಲ್ಲ. ವರ್ಷಕ್ಕೊಂದು ದಿನ ನಾನು ಮಗಳನ್ನು ಅಪರಿಚಿತಳಂತೆ ನೋಡುವುದನ್ನು ಕಲಿತೆ. ಮುಖ ನೋಡಬಾರದು, ಕಿವಿಯ ಪಕ್ಕದ ಗಾಳಿಯನ್ನು ನೋಡಬೇಕು. ಕರೆದಾಗ ಒಂದು ಕ್ಷಣ ತಡೆದು ತಿರುಗಬೇಕು. ಏಳು ವರ್ಷ ಹೀಗೆ ಸಾಗಿತು.

ಎಂಟನೆಯ ಹುಟ್ಟುಹಬ್ಬಕ್ಕೆ ಮೂರು ವಾರ ಇದೆ ಎನ್ನುವಾಗ ಶಾಲ್ಮಲಿ, "ಈ ಸಲ ಮನೇಲಿ ಬೇಡ, ಮಾಸ್ತರ ಹಾಲ್‌ನಲ್ಲಿ ಮಾಡೋಣ" ಎಂದಳು. ಮಾಸ್ತರ ಹಾಲ್ ಎಂದರೆ ಸಾಲೋಮನ್ ಮಾಸ್ತರು ಜಿಮ್ನಾಸ್ಟಿಕ್ಸ್ ಕಲಿಸುವ ಜಾಗ. ಅದು ಹಿಂದೆ ಉಪ್ಪಿನ ಗೋದಾಮಾಗಿತ್ತು. ಈಗಲೂ ಮೋಡ ಕವಿದರೆ ಗೋಡೆ ಬೆವರುತ್ತದೆ, ಮಕ್ಕಳು ಯಾರೂ ನೋಡದಾಗ ನೆಕ್ಕುತ್ತಾರೆ. ಮಾಸ್ತರು ಯಾವುದೋ ಸರ್ಕಸ್ಸಿನ ಜೊತೆ ಬಂದವರು. ಸರ್ಕಸ್ಸು ಹೋಯಿತು, ಅವರು ಉಳಿದರು. ಶಾಲ್ಮಲಿ ಎರಡು ವರ್ಷದಿಂದ ಅಲ್ಲಿ ಕಲಿಯುತ್ತಿದ್ದಳು.

"ಅಲ್ಲಿ ಬೇರೆ ಮಕ್ಕಳೂ ಇರ್ತಾರಲ್ಲೇ" ಎಂದಳು ಕುಮುದಾ. "ನಮಗೆ ನೀನು ಯಾವುದು ಅಂತ ಗೊತ್ತಾಗಬೇಕಲ್ಲ."

"ಅದಕ್ಕೇ" ಎಂದಳು ಶಾಲ್ಮಲಿ. "ಮನೇಲಿ ನಾನೊಬ್ಬಳೇ ಇರ್ತೀನಿ. ನಿಮಗೆ ಸುಲಭ. ಎಲ್ಲರ ಮಧ್ಯೆ ನಿಂತ್ರೆ ಕಂಡುಹಿಡೀತೀರಾ ಅಂತ ನೋಡ್ಬೇಕು ನಂಗೆ."

ಕುಮುದಾ ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಿಸುತ್ತಲೇ ಇದ್ದಳು. ಅದು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಮಣೆ ಕಾಣಿಸತೊಡಗಿತು. ಬೇಡ ಎನ್ನಲು ನನಗೆ ನೂರು ಕಾರಣಗಳಿದ್ದವು. ಒಂದನ್ನೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. "ಆಯ್ತು" ಎಂದೆ.

ಗುರುತು ಹೇಳಲು ಪ್ರತಿ ವರ್ಷದ ಹಾಗೆ ನನ್ನ ಅಕ್ಕ ಅಂಬುಜಕ್ಕ ಒಪ್ಪಿಕೊಂಡಳು. ಅವಳು ಮಾತಿಗೆ ಮಾತು ಸೇರಿಸುವವಳು, ಕಣ್ಣಿಗೆ ಬಿದ್ದದ್ದನ್ನು ಹೇಳದೆ ಬಿಡುವವಳಲ್ಲ. ಹಾಗಿದ್ದೂ ಹೋದ ವರ್ಷದ ಒಂದು ಸಂಗತಿಯನ್ನು ಅವಳು ಇಡೀ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಹುಟ್ಟುಹಬ್ಬದ ಹಿಂದಿನ ದಿನ ಹಳದಿ ದಾರಕ್ಕೆ ಗಂಟು ಹಾಕುತ್ತಾ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಹೋದ ಸಲ ನಮ್ಮ ಬೀದಿ ಮಕ್ಕಳೆಲ್ಲ ನಿಮ್ಮ ಅಂಗಳದಲ್ಲೇ ಆಡ್ತಿದ್ರು. ನಾಲ್ಕು ಮಕ್ಕಳಿದ್ರು ಕಣೋ ಮುಕುಂದಾ. ನಾನಿನ್ನೂ ಬಂದೇ ಇರಲಿಲ್ಲ, ಗೇಟಿನ ಹತ್ರ ಇದ್ದೆ. ನೀನು ಸೀದಾ ಹೋಗಿ ಶಾಲೂ ಕಾಲಿಗೆ ಚಪ್ಪಲಿ ಹಾಕ್ತಿದ್ದೆ."

"ದಾರ ಇತ್ತಲ್ಲಕ್ಕಾ ಕೈಲಿ" ಎಂದೆ.

"ತುಂಬು ತೋಳಿನ ಫ್ರಾಕ್ ಹಾಕಿದ್ಲು" ಎಂದಳು. ಅಷ್ಟೇ ಹೇಳಿ ಹಲ್ಲಿನಲ್ಲಿ ದಾರ ಕಡಿದಳು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಹಾಲ್‌ನಲ್ಲಿ ಹನ್ನೆರಡು ಮಕ್ಕಳು, ಅವರ ಅಮ್ಮಂದಿರು, ನಾಲ್ಕೈದು ಅಪ್ಪಂದಿರು ಸೇರಿದ್ದರು. ಹೊರಗೆ ಹುಟ್ಟುಹಬ್ಬ ಮಾಡುವುದನ್ನು ಯಾರೂ ನೋಡಿದ್ದಿಲ್ಲವಾದ್ದರಿಂದ ಕರೆಯದವರೂ ಇಬ್ಬರು ಬಂದಿದ್ದರು. ಬಾಗಿಲಲ್ಲೇ ಸಾಲೋಮನ್ ಮಾಸ್ತರು ಕೈ ಅಡ್ಡ ಹಿಡಿದು ನಿಂತಿದ್ದರು. ಬಳೆ ಬೇಡ, ಸರ ಬೇಡ, ಕ್ಲಿಪ್ ಬೇಡ. ಎಲ್ಲರೂ ಹಾಲ್‌ನ ನೀಲಿ ಬನಿಯನ್, ನೀಲಿ ಚಡ್ಡಿ ಹಾಕಬೇಕು, ಕೂದಲನ್ನು ನೀಲಿ ಟೋಪಿಯೊಳಗೆ ತುರುಕಬೇಕು. ಇದು ನನಗೆ ಗೊತ್ತಿತ್ತು, ದಿನವೂ ಹಾಗೇ. ದಾರದ ವಿಷಯ ಮಾತ್ರ ನಾವು ಯಾರೂ ಯೋಚಿಸಿರಲಿಲ್ಲ.

"ಇದನ್ನೂ ಬಿಚ್ಚಿ" ಎಂದರು ಮಾಸ್ತರು.

"ಇದು ಹುಟ್ಟುಹಬ್ಬದ ದಾರ ಮಾಸ್ತರೇ" ಎಂದಳು ಅಂಬುಜಕ್ಕ. "ಸಂಜೆವರೆಗೆ ಬಿಚ್ಚೋ ಹಾಗಿಲ್ಲ."

"ಏನೇ ದಾರ ಆಗ್ಲಿ ಅಮ್ಮ. ರಿಂಗಿಗೆ ಸಿಕ್ಕಿಕೊಂಡ್ರೆ ಮಗು ಅಲ್ಲೇ ನೇತಾಡುತ್ತೆ. ನಿಮ್ಮೂರಿನ ತಲೆನೋವು ನಿಮಗೆ, ನನಗೆ ಮೂಳೆ ಮುಖ್ಯ."

ಅವರೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಶಾಲ್ಮಲಿ ಖುಷಿಯಿಂದ ಕೈ ಕೊಡವಿಕೊಂಡು ಬಟ್ಟೆ ಬದಲಿಸುವ ಕೋಣೆಗೆ ಓಡಿದಳು. ಅಂಬುಜಕ್ಕ ಕುಮುದಾಳಿಗೆ, "ನೀನೇನೂ ಗಾಬರಿಯಾಗ್ಬೇಡ. ಕೇಕ್ ಹೊತ್ತಿಗೆ ನಾನಿರ್ತೀನಲ್ಲ" ಎಂದಳು. ಕುಮುದಾ ತಲೆಯಾಡಿಸಿದಳು. ಕೋಣೆಯ ಬಾಗಿಲು ಮತ್ತೆ ತೆರೆದಾಗ ಹನ್ನೆರಡು ನೀಲಿ ಮಕ್ಕಳು ಒಬ್ಬರ ಹಿಂದೊಬ್ಬರು ಹೊರಬಂದರು. ಹೆಚ್ಚುಕಡಿಮೆ ಒಂದೇ ಎತ್ತರ, ಕೂದಲು ಕಾಣದ ಒಂದೇ ದುಂಡನೆಯ ತಲೆ. ಪಕ್ಕದಲ್ಲಿ ಕೂತಿದ್ದ ಕುಮುದಾಳ ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ರೈಲು ಬಂದಾಗ ಪ್ಲಾಟ್‌ಫಾರಂ ಮೇಲೆ ನಿಂತವರು ಹೀಗೆ ನೋಡುತ್ತಾರೆ. ನಾಲ್ಕನೆಯವಳಾಗಿ ಬಂದವಳು ಶಾಲ್ಮಲಿ. ಬಲಭುಜ ಸ್ವಲ್ಪ ಇಳಿಬಿಟ್ಟು ನಡೆಯುತ್ತಾಳೆ. ನಾನು ಕೂಡಲೇ ಐದನೆಯವಳ ಕಿವಿಯ ಪಕ್ಕ ನೋಡಿದೆ.

ಮಕ್ಕಳು ಉರುಳಿದರು, ಕುಪ್ಪಳಿಸಿದರು, ಸ್ಪಂಜಿನ ತುಂಡು ತುಂಬಿದ ಗುಂಡಿಯೊಳಗೆ ಹಾರಿ ಮುಳುಗಿ ಕೈಕಾಲು ಬಡಿದು ಮೇಲೆ ಬಂದರು. ಶಾಲ್ಮಲಿ ನಮ್ಮ ಬೆಂಚಿನ ಮುಂದೆ ಮೂರು ಸಲ ಸುಳಿದಳು. ಮೊದಲ ಸಲ ಸುಮ್ಮನೆ ಹೋದಳು. ಎರಡನೆಯ ಸಲ ನಿಧಾನವಾಗಿ ಹೋದಳು. ಮೂರನೆಯ ಸಲ ನಮ್ಮ ಎದುರಿಗೇ ಕೈ ಊರಿ ಕಾಲು ಮೇಲೆ ಮಾಡಿ ನಿಂತಳು. ತಲೆಕೆಳಗಾದ ಮುಖದಲ್ಲಿ ಕಣ್ಣು ನನ್ನನ್ನೇ ನೋಡುತ್ತಿತ್ತು. ಏನನ್ನೂ ಹೇಳುವ ಹಾಗಿಲ್ಲವೆಂದು ತುಟಿಯನ್ನು ಒಳಗೆ ಕಚ್ಚಿಕೊಂಡಿದ್ದಳು. ನಾನು ಬೇರೆಯವರ ಮಗುವಿಗೆ ಹೊಡೆಯುವ ಹಾಗೆ ಎರಡು ಚಪ್ಪಾಳೆ ಹೊಡೆದೆ. "ಚೆನ್ನಾಗಿ ಮಾಡ್ತೀಯಮ್ಮ, ನಿನ್ನ ಹೆಸರೇನು?" ಎಂದಳು ಕುಮುದಾ, ನಿಜಕ್ಕೂ ತಿಳಿಯದೆ. ಶಾಲ್ಮಲಿ ಕಾಲಿಳಿಸಿ, ಉತ್ತರ ಕೊಡದೆ ಓಡಿದಳು. ಎದುರು ಬೆಂಚಿನಲ್ಲಿ ಅಂಬುಜಕ್ಕ ಕೂತಿದ್ದಳು. ಅವಳು ಮಕ್ಕಳನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ಮಗಳ ಕಣ್ಣು, ಅಕ್ಕನ ಕಣ್ಣು ಎರಡರ ನಡುವೆ ಕೂತು ನನಗೆ ಒಂದು ವಿಚಿತ್ರ ಯೋಚನೆ ಬಂತು. ಈ ಹೊತ್ತಿನಲ್ಲಿ ಈ ಹಾಲ್‌ನಲ್ಲಿ ಮಗಳನ್ನು ಕಳೆದುಕೊಂಡವಳು ಕುಮುದಾ. ಮಗಳನ್ನು ಬಚ್ಚಿಟ್ಟವನು ನಾನು. ಆದರೂ ಅವಳೇ ನಿಜವಾದ ತಾಯಿ ಎಂದು ಊರು ಹೇಳುತ್ತದೆ, ಏಕೆಂದರೆ ಅವಳಿಗೆ ಗೊತ್ತಿಲ್ಲ. ಗೊತ್ತಿರುವ ನಾನು ಯಾರು? ಈ ಪ್ರಶ್ನೆಯನ್ನು ಎಷ್ಟು ಸಲ ತಿರುವಿ ಹಾಕಿದರೂ ಅದರ ತಲೆ ಯಾವುದು ಬಾಲ ಯಾವುದು ಎಂದು ಸಿಗಲಿಲ್ಲ.

ಕೇಕಿಗೆ ಮುಂಚೆ ಮಕ್ಕಳೆಲ್ಲ ಬೀಮಿನ ಮೇಲೆ ನಡೆದು ತೋರಿಸಬೇಕೆಂದು ಮಾಸ್ತರು ಹೇಳಿದರು. ಬೀಮು ಎಂದರೆ ಸೊಂಟದೆತ್ತರದಲ್ಲಿ ನಿಲ್ಲಿಸಿದ ಮರದ ತೊಲೆ, ಒಂದು ಗೇಣು ಅಗಲವೂ ಇಲ್ಲ. ಒಬ್ಬೊಬ್ಬರೇ ಹತ್ತಿದರು, ನಡೆದರು, ತುದಿಯಲ್ಲಿ ಹಾರಿದರು. ಶಾಲ್ಮಲಿಯ ಸರದಿ ಬಂದಾಗ ನಾನು ಹುಷಾರಾಗಿ ಗೋಡೆಯ ಮೇಲಿನ ಉಪ್ಪಿನ ಕಲೆಗಳನ್ನು ನೋಡತೊಡಗಿದೆ. ಅವಳು ನಡುವೆ ನಿಂತಳು. ಅಷ್ಟು ಗೊತ್ತಾಯಿತು, ಹೆಜ್ಜೆಯ ಸಪ್ಪಳ ನಿಂತಿತು. ನಾನು ನೋಡುತ್ತೇನೋ ಎಂದು ಅವಳು ನನ್ನ ಕಡೆ ಕತ್ತು ತಿರುಗಿಸಿದ್ದಳಂತೆ, ಆಮೇಲೆ ಹೇಳಿದಳು. ಧಪ್ಪೆಂದು ಸದ್ದಾಯಿತು.

ಚಾಪೆಯ ಮೇಲೆ ಅಡ್ಡ ಬಿದ್ದಿದ್ದಳು. ಅಳಲಿಲ್ಲ. ಬಾಯಿ ತೆರೆದಿತ್ತು, ಉಸಿರು ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ.

"ಶಾಲೂ!"

ಇದು ನನ್ನ ದನಿ ಎಂದು ನನಗೆ ಗೊತ್ತಾದದ್ದು ಅವಳ ಪಕ್ಕದಲ್ಲಿ ಮಂಡಿಯೂರಿದ ಮೇಲೆ. ಬೆಂಚಿನಿಂದ ಅಲ್ಲಿಯವರೆಗಿನ ದಾರಿ ನನಗೆ ನೆನಪಿಲ್ಲ. ಯಾರದೋ ಕಾಲು ತುಳಿದಿದ್ದೆನಂತೆ. ಅವಳನ್ನು ಎತ್ತಿ ಕೂರಿಸಿ ಬೆನ್ನು ಸವರಿದೆ. ಮಾಸ್ತರು ಬಂದು ಕೈಕಾಲು ಒತ್ತಿ ನೋಡಿ, "ಏನೂ ಆಗಿಲ್ಲ, ಉಸಿರು ಹಿಡಿದಿದೆ ಅಷ್ಟೆ, ಬಿಡುತ್ತೆ" ಎಂದರು. ಬಿಟ್ಟಿತು. ಉಸಿರಿನ ಜೊತೆಗೇ ಮಾತೂ ಬಂತು.

"ಅಪ್ಪಾ, ನಾನು ಅಂತ ಗೊತ್ತಾಯ್ತಾ ನಿಂಗೆ?"

ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮುಂಚೆ ನೋಡಿರಲಿಲ್ಲ. ನಾನು ತಲೆ ಎತ್ತಲಿಲ್ಲ. ಎತ್ತದಿದ್ದರೂ ನಲವತ್ತು ಕಣ್ಣುಗಳ ಭಾರ ಕುತ್ತಿಗೆಯ ಮೇಲೆ ತಿಳಿಯುತ್ತಿತ್ತು. ನನ್ನ ಮಗಳ ಹೆಸರು ನಾಳೆಯಿಂದ ಬದಲಾಗುತ್ತದೆ, ಅವಳು ಅಂಗಡಿ ಇಟ್ಟರೆ ಅಂಗಡಿಗೂ ಅದೇ ಹೆಸರು ಎಂದು, ಯಾವುದಕ್ಕೂ ಸಂಬಂಧವಿಲ್ಲದವನ ಹಾಗೆ ಯೋಚಿಸಿದೆ.

"ಮುಕುಂದಾ" ಎಂದಳು ಅಂಬುಜಕ್ಕ. ದನಿ ಮೆಲ್ಲಗಿತ್ತು, ಅದೇ ಭಯ ಹುಟ್ಟಿಸಿತು. "ಅವಳು ಶಾಲೂ ಅಂತ ನಿನಗೆ ಯಾರು ಹೇಳಿದ್ರು?"

"ನಾನು ಹೇಳ್ದೆ ಅತ್ತಿಗೆ."

ಇದು ಕುಮುದಾ. ಬೆಂಚಿನಿಂದ ಎದ್ದು ನಿಂತಿದ್ದಳು. ಸೆರಗನ್ನು ಕೈಗೆ ಸುತ್ತಿಕೊಂಡಿದ್ದಳು.

"ನೀನಾ?"

"ಹೂಂ. ಬೀಳ್ತಿದ್ದ ಹಾಗೇ ಗೊತ್ತಾಯ್ತು ನಂಗೆ. ರೀ, ನಮ್ಮ ಶಾಲೂ, ಹೋಗ್ರೀ ಅಂದೆ. ಹೋದ್ರು."

ಅವಳು ಏನೂ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಿರಲೂ ಇಲ್ಲ. ಆಗಲೂ ಅವಳು ಮಾತಾಡುತ್ತಿದ್ದದ್ದು ನನ್ನ ತೋಳಿನಲ್ಲಿದ್ದ ಮಗುವಿನ ಕಡೆ ನೋಡದೆ. ಅಂಬುಜಕ್ಕ ಅವಳ ಕಡೆ ತಿರುಗಿದಳು. "ಹೆರಿಗೆ ಕೋಣೇಲಿ ನಿನ್ನ ಕೈ ಹಿಡ್ಕೊಂಡಿದ್ದವಳು ನಾನು ಕುಮುದಾ. ಇವಳು ನಿನ್ನ ಹೊಟ್ಟೇಲಿ ಹುಟ್ಟಿದ್ದನ್ನ ಈ ಕಣ್ಣಲ್ಲಿ ನೋಡಿದೀನಿ. ನಿಂಗೆ ಹೇಗೆ ಗುರುತು ಸಿಗುತ್ತೆ?"

"ಸಿಕ್ತು. ಅಷ್ಟೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನಿಗೆ ಗುರುತು ಸಿಕ್ಕಿದ್ದರೆ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಹೆತ್ತ ತಾಯಿಗೆ ಸಿಕ್ಕಿದರೆ ಏನರ್ಥ? ಅದಕ್ಕೆ ಯಾರ ಹತ್ತಿರವೂ ಅರ್ಥವಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ನಕ್ಕಳು, ನಗಬಾರದಿತ್ತೇನೋ ಎಂದು ಕೆಮ್ಮಿದಳು. ಇನ್ನೊಬ್ಬ ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ. ಎಲ್ಲರೂ ಒಂದು ಲೆಕ್ಕ ಬಿಡಿಸುತ್ತಾ ಕೂತಂತಿತ್ತು. ನಾನೂ ಬಿಡಿಸುತ್ತಿದ್ದೆ. ಅವಳು ನನ್ನನ್ನು ಉಳಿಸುತ್ತಿದ್ದಾಳೋ, ತನ್ನನ್ನು ಉಳಿಸಿಕೊಳ್ಳುತ್ತಿದ್ದಾಳೋ, ಶಾಲೂಳನ್ನೋ? ಇದೆಲ್ಲ ಬೇರೆ ಬೇರೆಯೋ, ಒಂದೇಯೋ?

"ಸರಿ ಹಾಗಾದ್ರೆ" ಎಂದಳು ಅಂಬುಜಕ್ಕ ಕೊನೆಗೆ. "ಇವತ್ತು ನಾನು ತಲೆ ಮೇಲೆ ಕೈ ಇಡೋ ಅಗತ್ಯ ಇಲ್ಲ ಅಂತಾಯ್ತು. ನೀನೇ ಮೊದಲ ತುತ್ತು ಕೊಡು."

ಮಾಸ್ತರಿಗೆ ಇದು ಯಾವುದೂ ತಲೆಗೆ ಹೋದಂತಿರಲಿಲ್ಲ. ಬಿದ್ದ ಮಗುವನ್ನು ಒಂದು ಗಳಿಗೆ ಕೂರಿಸಿ ನೀರು ಕುಡಿಸಿ, ಉಳಿದವರ ಜೊತೆ ಬಿಟ್ಟರು. ಆಮೇಲೆ ಸೀಟಿ ಊದಿ ಎಲ್ಲರನ್ನೂ ನೆಲದ ಮೇಲಿನ ಬಿಳಿ ಗೆರೆಗೆ ನಿಲ್ಲಿಸಿದರು. ಹನ್ನೆರಡು ನೀಲಿ ಮಕ್ಕಳು ಅಲುಗಾಡದೆ ನಿಂತರು. ಕುಮುದಾ ಕೇಕು ಕತ್ತರಿಸಿ ಒಂದು ತುಂಡನ್ನು ಕೈಗೆ ತೆಗೆದುಕೊಂಡಳು.

ಅವಳು ಸಾಲಿನ ಈ ತುದಿಯಿಂದ ಹೊರಟಳು. ಮೊದಲನೆಯ ಮಗುವಿನ ಮುಖ ನೋಡಿದಳು, ಎರಡನೆಯದನ್ನು ನೋಡಿದಳು. ಏನೂ ಇಲ್ಲ. ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಮೂರನೆಯ ಮಗುವಿನ ಹತ್ತಿರ ಬಂದಾಗ ಅವಳು ಕತ್ತು ತಿರುಗಿಸಿ, ಮಕ್ಕಳನ್ನು ಬಿಟ್ಟು, ನನ್ನ ಕಡೆ ನೋಡಿದಳು.

ಏಳು ವರ್ಷ ಈ ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವಳ ನೋಟದಲ್ಲಿ ಬೇಡಿಕೆ ಇರಲಿಲ್ಲ, ತಪ್ಪೊಪ್ಪಿಗೆಯೂ ಇರಲಿಲ್ಲ. ಗಂಟೆ ಎಷ್ಟಾಯಿತು ಎಂದು ಕೇಳುವವಳ ಹಾಗೆ ನೋಡಿದಳು. ನಿಮಗೆ ಗೊತ್ತಿದೆಯಲ್ಲ, ಹೇಳಿ. ನಾನು ಸಾಲಿನ ಒಂಬತ್ತನೆಯ ಮಗುವನ್ನು ನೋಡಿದೆ. ಕಿವಿಯ ಪಕ್ಕದ ಗಾಳಿಯನ್ನಲ್ಲ, ಮುಖವನ್ನೇ ನೋಡಿದೆ. ತೊಟ್ಟಿಲಿನ ಆ ಬೆಳಿಗ್ಗೆಯ ನಂತರ ಹುಟ್ಟುಹಬ್ಬದ ದಿನ ಕಣ್ಣು ತುಂಬ ಅವಳನ್ನು ನೋಡಿದ್ದು ಅದೇ ಮೊದಲು. ಎಂಟು ವರ್ಷದವಳಾಗಿದ್ದಳು. ಮೇಲಿನ ಹಲ್ಲೊಂದು ಅರ್ಧ ಬಂದಿತ್ತು.

ಕುಮುದಾ ನಾಲ್ಕು, ಐದು, ಆರನ್ನು ದಾಟಿದಳು. ಏಳನೆಯವಳ ಹತ್ತಿರ ಅವಳ ಹೆಜ್ಜೆ ತಡವರಿಸಿತು. ನಾನು ಕಣ್ಣು ಕೀಳಲಿಲ್ಲ. ಅವಳು ನನ್ನ ನೋಟವನ್ನು ಅಳತೆ ಹಾಕಿದವಳಂತೆ ಇನ್ನೆರಡು ಹೆಜ್ಜೆ ಇಟ್ಟು, ಒಂಬತ್ತನೆಯವಳ ಬಾಯಿಗೆ ಕೇಕು ಇಟ್ಟಳು. ಶಾಲ್ಮಲಿ ಬಾಯಿ ತೆರೆದಳು. ಅವಳ ಕಣ್ಣಿನಲ್ಲಿ ನೀರಿತ್ತು. ಅಮ್ಮನಿಗೂ ಗೊತ್ತಾಯಿತು ಎಂದು ನಂಬಿಬಿಟ್ಟಿದ್ದಳು.

"ಸಾಕಾ ಅತ್ತಿಗೆ?" ಎಂದಳು ಕುಮುದಾ.

ಅಂಬುಜಕ್ಕ ಬೆಂಚಿನ ಮೇಲೆ ಕೂತಳು. ಜನ ಒಮ್ಮೆಗೇ ಮಾತಾಡತೊಡಗಿದರು. ಮಕ್ಕಳು ಗೆರೆ ಬಿಟ್ಟು ಕೇಕಿನ ಮೇಜಿಗೆ ಮುತ್ತಿದರು. ಒಬ್ಬರ ಮೇಲೊಬ್ಬರು ಬಿದ್ದು, ಬೆರಳಿನಲ್ಲಿ ಕ್ರೀಮು ಕಿತ್ತು, ಪಕ್ಕದವರ ಮೂಗಿಗೆ ಮೆತ್ತಿದರು. ಮುಗಿಯಿತು ಎಂದುಕೊಂಡೆ ನಾನು. ಗೋಡೆಗೆ ಒರಗಿ ನಿಂತೆ. ನಾಳೆ ಬೆಳಿಗ್ಗೆ ಎಲ್ಲ ಮೊದಲಿನ ಹಾಗೇ ಇರುತ್ತದೆ. ಇನ್ನೊಂದು ವರ್ಷ. ಇಷ್ಟು ಹೊತ್ತು ಬೇಡಿಕೊಂಡಿದ್ದು ಇದನ್ನೇ ಆದರೂ ಹಾಗೆ ಎಂದುಕೊಂಡಾಗ ನನಗೆ ನೆಮ್ಮದಿ ಆಗಲಿಲ್ಲ, ಯಾಕೆಂದು ಗೊತ್ತಾಗಲಿಲ್ಲ.

ಕುಮುದಾಳ ಕಣ್ಣು ಈಗ ಧಾರಾಳವಾಗಿ ತುಂಬಿ ಬರುತ್ತಿತ್ತು. ತಡೆದುಕೊಂಡದ್ದೆಲ್ಲ ಸಡಿಲವಾಗಿತ್ತು. ಅವಳು ಮಕ್ಕಳ ಗುಂಪಿನೊಳಗೆ ಬಗ್ಗಿ, ಒಂದು ನೀಲಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಅದರ ಕೆನ್ನೆಯ ಕ್ರೀಮು ಒರೆಸತೊಡಗಿದಳು. "ತುಂಬಾ ಪೆಟ್ಟಾಯ್ತಾ ಪುಟ್ಟಾ? ಎಲ್ಲಿ ನೋವಾಗ್ತಿದೆ, ಅಮ್ಮಂಗೆ ಹೇಳು" ಎಂದಳು. ಬೆನ್ನು ಸವರಿದಳು. ನೆತ್ತಿಗೆ ಮುತ್ತಿಟ್ಟಳು. ಅಷ್ಟು ಪ್ರೀತಿಯಿಂದ ಒರೆಸಿದ್ದಕ್ಕೋ ಏನೋ ಆ ಮಗು ಬಹಳ ಹೊತ್ತು ಸುಮ್ಮನೇ ನಿಂತಿತ್ತು.

"ಆಂಟೀ" ಎಂದಿತು ಕೊನೆಗೆ, ಸಂಕೋಚದಿಂದ. "ನಾನು ಬಿಂದು. ಶಾಲೂ ಅಲ್ಲಿದಾಳೆ."

ಮೇಜಿನ ಸುತ್ತ ಇದ್ದವರಿಗೆ ಕೇಳಿಸಿತು. ಅವರು ಸುಮ್ಮನಾದದ್ದರಿಂದ ಉಳಿದವರಿಗೂ ಗೊತ್ತಾಯಿತು. ಮೇಜಿನ ಆ ಕಡೆ ಶಾಲ್ಮಲಿ ಬಾಯಲ್ಲಿ ಕೇಕು ಇಟ್ಟುಕೊಂಡೇ ನಿಂತಿದ್ದಳು. ಅಗಿಯುವುದನ್ನು ನಿಲ್ಲಿಸಿದ್ದಳು. ಅಂಬುಜಕ್ಕ ಬೆಂಚಿನಿಂದ ಎದ್ದಳು. ಕುಮುದಾ ಬಿಂದುವಿನ ಕೆನ್ನೆಯ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ. ತೆಗೆದರೆ ಎಲ್ಲಿಗೆ ಒಯ್ಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಎಂದರೆ ಯಾವ ಕಡೆ? ಅಲ್ಲಿಯೂ ಆರು ನೀಲಿ ಮಕ್ಕಳಿದ್ದರು.

ಏನಾದರೂ ಹೇಳಿ ಮುಚ್ಚಿಹಾಕಬಹುದಿತ್ತೇನೋ. ಅತ್ತು ಅತ್ತು ಕಣ್ಣು ಮಂಜಾಗಿದೆ ಎನ್ನಬಹುದಿತ್ತು. ಜನ ಅರ್ಧ ನಂಬುತ್ತಿದ್ದರು. ನಾನು ಅದನ್ನು ಹೇಳಲೆಂದೇ ಗೋಡೆ ಬಿಟ್ಟು ಹೊರಟೆ. ಆದರೆ ಹತ್ತಿರ ಹೋದಾಗ ಕಂಡದ್ದು ಹೆಂಡತಿಯ ಕೈ ಮಾತ್ರ, ಬೇರೆಯವರ ಮಗುವಿನ ಕೆನ್ನೆಯ ಮೇಲೆ, ಸಿಕ್ಕಿಬಿದ್ದ ಹಾಗೆ. ಆ ಕೈಯನ್ನು ಹಿಡಿದೆ. ಮೇಜಿನ ಸುತ್ತ ಬಳಸಿ ಅವಳನ್ನು ಕರೆದುಕೊಂಡು ಹೋದೆ. ಜನ ಸರಿದು ದಾರಿ ಬಿಟ್ಟರು. ಆ ಕೈಯನ್ನು ಶಾಲ್ಮಲಿಯ ಕೆನ್ನೆಯ ಮೇಲೆ ಇಟ್ಟೆ.

"ಇವಳು" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಕೇಳಿಸಿತು. "ಇವಳು ನಮ್ಮವಳು."

ಕುಮುದಾ ಆ ಮುಖವನ್ನು ಹೊಸದಾಗಿ ಪರಿಚಯವಾದವರನ್ನು ನೋಡುವಂತೆ ನೋಡಿದಳು. ಹೆಬ್ಬೆರಳಿನಿಂದ ತುಟಿಯ ಪಕ್ಕದ ಕ್ರೀಮು ತೆಗೆದಳು. ಶಾಲ್ಮಲಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಬಾಯಲ್ಲಿದ್ದದ್ದನ್ನು ನುಂಗಿ, ಎರಡು ಕೈಯಿಂದ ನಮ್ಮಿಬ್ಬರ ಬಟ್ಟೆ ಹಿಡಿದುಕೊಂಡಳು.

"ನಂಗೆ ಗೊತ್ತಿತ್ತು" ಎಂದಳು ಕುಮುದಾ. ಮಗಳ ಮುಖದಿಂದ ಕಣ್ಣು ತೆಗೆಯದೆ, ನನಗೆ ಹೇಳಿದಳು. "ನಿಮಗೆ ಗೊತ್ತಾಗುತ್ತೆ ಅಂತ ಮೊದಲನೇ ವರ್ಷವೇ ಗೊತ್ತಾಯ್ತು. ನೀವು ಇದೇ ಇರಬೇಕು ಅಂದ್ರಲ್ಲ, ಆಗ. ನೀವು ಕೇಳ್ತೀರ, ಇವತ್ತು ಕೇಳ್ತೀರ, ಈ ವರ್ಷ ಕೇಳ್ತೀರ ಅಂತ ಕಾದೆ. ಈಗ ಕೇಳಿ. ಎಲ್ಲರೂ ಇದಾರೆ. ಕೇಳಿಬಿಡಿ."

ಅಂಬುಜಕ್ಕ ನನ್ನಿಂದ ಒಂದು ಮಾರು ದೂರದಲ್ಲಿದ್ದಳು. ಅವಳ ಹಿಂದೆ ಎಲ್ಲರೂ ಇದ್ದರು. ನಾನು ಏಳು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹುಡುಕಿದೆ. ಅದು ಹೇಗೆ ಶುರುವಾಗುತ್ತಿತ್ತು, ಯಾವ ಶಬ್ದದಿಂದ? ಎಷ್ಟೋ ಮಧ್ಯಾಹ್ನ ಕಚೇರಿಯಲ್ಲಿ ಕೂತು ಅದನ್ನು ಒಪ್ಪಮಾಡಿ ಇಟ್ಟಿದ್ದೆ. ಈಗ ನೋಡಿದರೆ ಸಿಗಲಿಲ್ಲ. ಕುಮುದಾಳ ತುಟಿ ಒಣಗಿತ್ತು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಬೆಳಿಗ್ಗೆ ಸೂರ್ಯ ಹುಟ್ಟಿದಾಗಿನಿಂದ ಅವಳು ಮಗಳನ್ನು ಹುಡುಕುತ್ತಲೇ ಇದ್ದಳು, ಕಣ್ಣು ಒಂದು ಗಳಿಗೆ ನಿಂತಿರಲಿಲ್ಲ.

"ನೀನು ಏನಾದ್ರೂ ತಿಂದ್ಯಾ?" ಎಂದು ಕೇಳಿದೆ.

ಅವಳು ಹೆಬ್ಬೆರಳಿಗೆ ಅಂಟಿದ್ದ ಕ್ರೀಮನ್ನು ನೋಡಿಕೊಂಡಳು.

"ಇಲ್ಲ" ಎಂದಳು.